ಕೈಬರಹದ ಪಹಣಿ

ರಾಮನಗರಕ್ಕೆ ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಎಂಬ ಹೆಸರಿತ್ತು. ಆಮೇಲೆ ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟನಿಂದಾಗಿ ಕ್ಲೋಸ್‌ಪೇಟೆಯಾಯಿತು; ಭೂವಿಜ್ಞಾನಿಗಳಿಗೆ ಇಲ್ಲಿಯ ಬಂಡೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟೇ. 1986ರಲ್ಲಿ ಬೆಂಗಳೂರು ಜಿಲ್ಲೆ ಒಡೆದಾಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಗ್ರಾಮಾಂತರಕ್ಕೆ ಸೇರಿದವು. 2007ರಲ್ಲಿ ಅವೇ ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಸಚಿವ ಸಂಪುಟ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಒಪ್ಪಿತು. ಇಷ್ಟರ ನಡುವೆಯೂ ಮಾಗಡಿಯ ರಾಗಿ ಹೊಲವೊಂದು ಕಳೆದುಹೋಗದಿದ್ದರೆ ಅದಕ್ಕೆ ಕಾರಣ ಸರ್ವೆ ನಂಬರು. ಮೈಸೂರು ಸಂಸ್ಥಾನದಲ್ಲಿ 1860ರ ದಶಕದಲ್ಲಿ ಆರಂಭವಾದ ಕಂದಾಯ ಮೋಜಣಿಯ ಕೊಡುಗೆ ಅದು. ಡೇಟಾಬೇಸ್ ಓದುವ ವಿದ್ಯಾರ್ಥಿಗಳು ‘ಕೀ’ ಎನ್ನುವುದು ಇಂಥದ್ದನ್ನೇ.

ಶಾನುಭೋಗರ ಪೆಟ್ಟಿಗೆಯಲ್ಲಿ, ಆಮೇಲೆ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಈ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿದ್ದು ‘ಭೂಮಿ’ ಯೋಜನೆ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅದರ ಮುಂದಾಳು. ತಂತ್ರಾಂಶ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕೆಲವೇ ವರ್ಷಗಳಲ್ಲಿ ಒಳಗೆ ಹೋದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲೇ ಪಹಣಿ ಕೈಗೆ ಬರುತ್ತಿತ್ತು. ಲೆಕ್ಕಿಗರ ಮನೆ ಬಾಗಿಲು ಕಾದವರಿಗೆ ಅದೆಷ್ಟು ದೊಡ್ಡ ಬಿಡುಗಡೆಯೆಂಬುದನ್ನು ಭೂಮಿಯ ಟೀಕಾಕಾರರು ಸುಲಭವಾಗಿ ಮರೆಯುತ್ತಾರೆ.

ಆದರೆ ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಅಧಿಸೂಚನೆ ಹೊರಡಿಸಿತು. ಎರಡು ಪ್ರತಿ ಚಾಲ್ತಿಯಲ್ಲಿದ್ದರೆ ತಿದ್ದುವವರಿಗೆ ಹಬ್ಬ, ಆದ್ದರಿಂದ ಆ ನಿರ್ಧಾರ ಸರಿಯೇ. ಹಾಗೆ ಮಾಡಿದ ದಿನದಿಂದ ಟೈಪು ಮಾಡಿದ್ದೇ ಸತ್ಯವಾಯಿತು. ಗ್ರಾಮ ಲೆಕ್ಕಿಗರು ಮುದ್ರಿತ ಹಾಳೆಯನ್ನು ಹಳೆಯ ಪುಸ್ತಕದೊಂದಿಗೆ ತಾಳೆ ನೋಡಿದ್ದರೂ ತಪ್ಪುಗಳು ಉಳಿದವು. ನಮ್ಮ ಕಡೆ ಯಾವ ರೈತರನ್ನು ಕೇಳಿದರೂ ‘ಮೂರು-ಒಂಬತ್ತು’ ಅಂದರೆ ಅರ್ಥವಾಗುತ್ತದೆ: ಕಾಲಂ 3ರಲ್ಲಿ ಜಮೀನಿನ ಒಟ್ಟು ವಿಸ್ತೀರ್ಣ, ಕಾಲಂ 9ರಲ್ಲಿ ಹಕ್ಕುದಾರರ ಹೆಸರು ಮತ್ತು ಅವರವರ ಪಾಲು. ಕೂಡಿದರೆ ಎರಡೂ ಒಂದೇ ಆಗಬೇಕು. ಆಗದಿದ್ದರೆ ಮಾರಾಟ, ಪಾಲು, ಸಾಲ ಎಲ್ಲಕ್ಕೂ ತೊಡಕು. ಈ ವ್ಯತ್ಯಾಸಗಳಲ್ಲಿ ಕೆಲವು ಹಳೆಯ ಪುಸ್ತಕದಲ್ಲೇ ಇದ್ದವು, ಕೆಲವು ಟೈಪಿಂಗಿನಲ್ಲಿ ಸೇರಿಕೊಂಡವು. ಯಾವುದು ಎಲ್ಲಿಯದೆಂದು ತಿಳಿಯಲು ಮಾನ್ಯತೆ ಕಳೆದುಕೊಂಡ ಆ ಪುಸ್ತಕವನ್ನೇ ತೆರೆಯಬೇಕು.

ಡೇಟಾಬೇಸಿನ ಬ್ಯಾಕಪ್ ಇಲ್ಲಿ ನೆರವಿಗೆ ಬರುವುದಿಲ್ಲ. ಆರಂಭದಲ್ಲಿ ಪ್ರತಿ ತಾಲ್ಲೂಕಿಗೂ ತನ್ನದೇ ಸರ್ವರ್ ಇತ್ತು, ಮುಂದೆ ದತ್ತಾಂಶ ಬೆಂಗಳೂರಿನಲ್ಲಿ ಕೇಂದ್ರೀಕೃತವಾಯಿತು. ತಂತ್ರಾಂಶಕ್ಕೂ ಆಯುಸ್ಸಿದೆ, ಆ ಕಾಲದ ಕಚೇರಿಗಳಲ್ಲಿ ಸಾಮಾನ್ಯವಾಗಿದ್ದ ಎಸ್‌ಕ್ಯೂಎಲ್ ಸರ್ವರ್ 2000ಕ್ಕೆ ಮೈಕ್ರೋಸಾಫ್ಟ್ 2013ರ ಏಪ್ರಿಲ್‌ನಲ್ಲಿ ಬೆಂಬಲ ನಿಲ್ಲಿಸಿತು. ಹೊಸ ಆವೃತ್ತಿಗೆ ಹೋಗುವ ಮುನ್ನ ಪೂರ್ಣ ಬ್ಯಾಕಪ್ ತೆಗೆದು, ಅದನ್ನು ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ, ಸಾಲುಗಳನ್ನು ಎಣಿಸಿ ನೋಡುವುದು ಬಲ್ಲವರ ಕ್ರಮ. ಮರುಸ್ಥಾಪಿಸಿ ನೋಡದ ಬ್ಯಾಕಪ್ ಬರೀ ನಂಬಿಕೆ. ಕನ್ನಡದಲ್ಲಿ ಇನ್ನೂ ಒಂದು ಹೆಜ್ಜೆ ಬೇಕು: ಹಳೆಯ ಲಿಪಿ ಸಂಕೇತದಿಂದ ಯೂನಿಕೋಡ್‌ಗೆ ಬರುವಾಗ ಒತ್ತಕ್ಷರ, ಅರ್ಕಾವತ್ತುಗಳು ನೆಟ್ಟಗಿವೆಯೇ ಎಂದು ಕಣ್ಣಿಂದಲೇ ನೋಡಬೇಕು. ಸಾಲುಗಳ ಎಣಿಕೆ ಸರಿ ಬಂದರೂ ಹೆಸರು ಕೆಟ್ಟಿರಬಹುದು. ಇಷ್ಟೆಲ್ಲ ಮಾಡಿದರೂ 2 ಎಕರೆ 10 ಗುಂಟೆ ಎಂದು ತಪ್ಪಾಗಿ ನಮೂದಾದದ್ದು ನೂರು ಬ್ಯಾಕಪ್‌ಗಳಲ್ಲೂ 2 ಎಕರೆ 10 ಗುಂಟೆಯಾಗಿಯೇ ಇರುತ್ತದೆ.

ಜಮೀನಿನ ಮೇಲೆ ಸಾಲ ಕೊಡುವಾಗ ವಕೀಲರು ಇಂದಿಗೂ ಹಿಂದಿನ ದಶಕಗಳ ಕೈಬರಹದ ಪಹಣಿ ಕೇಳುತ್ತಾರೆ. ಅವು ಇರುವುದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ. ಮುಟ್ಟಿದರೆ ಪುಡಿಯಾಗುವ ಹಾಳೆಗಳು, ಅಂಚು ಹರಿದು ಸರ್ವೆ ನಂಬರೇ ಹೋದವು. ಕಂದಾಯ ಇಲಾಖೆ ಈಚೆಗೆ ‘ಭೂ ಸುರಕ್ಷಾ’ ಹೆಸರಿನಲ್ಲಿ ಈ ಕೊಠಡಿಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಇಪ್ಪತ್ತು ವರ್ಷ ಮೊದಲೇ ಆಗಬೇಕಿದ್ದ ಕೆಲಸ. ಸ್ಕ್ಯಾನ್ ಆದ ಮೇಲೂ ಮೂಲ ಪುಸ್ತಕಗಳನ್ನು ರದ್ದಿಗೆ ಹಾಕಬಾರದು. ಮಸಿಯ ಬಣ್ಣ, ಅಳಿಸಿ ಬರೆದ ಗುರುತು, ಅಂಚಿನ ರುಜು ನೋಡಿ ತೀರ್ಮಾನಿಸಬೇಕಾದ ವ್ಯಾಜ್ಯಗಳು ಇನ್ನೂ ನಡೆಯುತ್ತಿವೆ.