ನವಾಬನ ಸಾಲವೂ ಪಾರ್ಲಿಮೆಂಟಿನ ಪೀಠಗಳೂ

ಇಂಗ್ಲೆಂಡಿನ ಸಾಲ್ಸ್‌ಬರಿ ನಗರದ ಬಳಿಯಲ್ಲಿ ಓಲ್ಡ್ ಸೇರಂ ಎಂಬ ಹಾಳುದಿಬ್ಬವೊಂದಿದೆ. 18ನೆಯ ಶತಮಾನದಲ್ಲಿ ಅಲ್ಲಿ ಊರೆಂಬುದೇ ಉಳಿದಿರಲಿಲ್ಲ. ಆದರೂ ಕಾಮನ್ಸ್ ಸಭೆಗೆ ಇಬ್ಬರು ಸದಸ್ಯರನ್ನು ಕಳುಹಿಸುವ ಹಕ್ಕು ಮಾತ್ರ ಉಳಿದಿದ್ದಿತು. ಮುಂದೆ ಮದರಾಸಿನ ಗವರ್ನರಾದ ತಾಮಸ್ ಪಿಟ್ಟನು ಆ ನೆಲವನ್ನು ಕ್ರಯಕ್ಕೆ ಕೊಂಡನು. ನೆಲದೊಡನೆ ಪೀಠಗಳೆರಡೂ ಅವನ ವಂಶದ ಕೈಗೆ ಬಂದುವು. ಹೀಗೆ ಒಡೆಯರಿದ್ದ ಊರುಗಳು ಆ ದೇಶದಲ್ಲಿ ಹಲವಿದ್ದುವು. ಅಂತಹ ಪೀಠಗಳಿಗೂ ನಮ್ಮ ಕಾವೇರಿಯ ಕೆಳದಂಡೆಯ ಭತ್ತಕ್ಕೂ ಒಮ್ಮೆ ಒದಗಿದ ನಂಟನ್ನು ನಾವಿಂದು ವಿಚಾರಿಸೋಣ.

ಆರ್ಕಾಟಿನ ನವಾಬನಾದ ಮಹಮ್ಮದಾಲಿಯು ಕುಂಪಣಿಯ ಆಶ್ರಯದಲ್ಲಿದ್ದವನು. ಸೈನ್ಯದ ವೆಚ್ಚಕ್ಕಾಗಿ ಅವನು ಕುಂಪಣಿಗೆ ತೆರಬೇಕಾಗಿದ್ದ ಹಣವನ್ನು ಕುಂಪಣಿಯ ನೌಕರರೇ ಅವನಿಗೆ ಸಾಲವಾಗಿ ಕೊಟ್ಟರು. ಅದಕ್ಕೆ ಊರೂರ ಕಂದಾಯವನ್ನು ಆಧಾರವಾಗಿ ಬರೆಯಿಸಿಕೊಂಡರು. ಧಣಿಗೆ ಬಾಕಿದಾರನಾದವನಿಗೆ ಆಳುಗಳೇ ಸಾಹುಕಾರರಾದ ವಿಚಿತ್ರವಿದು! ನಿಜವಾಗಿ ಕೈಯಿಂದ ಕೈಗೆ ಹೋದ ಹಣವೆಷ್ಟು, ಪತ್ರದ ಮೇಲೆ ಮಾತ್ರವಿದ್ದುದೆಷ್ಟು ಎಂಬುದನ್ನು ಯಾರೂ ತಾಳೆ ನೋಡಲಿಲ್ಲ.

ಈ ಸಾಹುಕಾರರಲ್ಲಿ ಮುಂದಾಳು ಪಾಲ್ ಬೆನ್‌ಫೀಲ್ಡ್. 1773ರಲ್ಲಿ ನವಾಬನಿಗಾಗಿ ಹಿಡಿದ ತಂಜಾವೂರನ್ನು 1776ರಲ್ಲಿ ಗವರ್ನರ್ ಪಿಗಟ್ ಪ್ರಭುವು ಅಲ್ಲಿಯ ರಾಜನಿಗೆ ಮರಳಿ ಕೊಡಿಸಲು, ಆ ಸೀಮೆಯ ಬೆಳೆಯ ಮೇಲೆಯೂ ಪ್ರಜೆಗಳ ಮೇಲೆಯೂ ತನಗೆ 2,34,000 ಪೌಂಡುಗಳ ಹಕ್ಕಿದೆಯೆಂದು ಬೆನ್‌ಫೀಲ್ಡನು ಮುಂದೆ ಬಂದನು. ಸಾಮಾನ್ಯ ನೌಕರನೊಬ್ಬನಿಗೆ ಇಷ್ಟು ಹಣ ಎಲ್ಲಿಂದ ಬಂದಿತೆಂಬ ಪ್ರಶ್ನೆ ಸಹಜವಾಗಿತ್ತು. ಆದರೆ ಕೌನ್ಸಿಲಿನ ಬಹುಮತವು ಗವರ್ನರನಿಗೆ ವಿರೋಧವಾಗಿ, ಆಗಸ್ಟಿನಲ್ಲಿ ಅವನನ್ನೇ ಸೆರೆಹಿಡಿಸಿತು. 1777ರ ಮೇ ತಿಂಗಳಲ್ಲಿ ಪಿಗಟ್ ಸೆರೆಯಲ್ಲಿಯೇ ಮೃತನಾದನು.

ಬೆನ್‌ಫೀಲ್ಡನಾದರೋ 1780ರಲ್ಲಿ ಕ್ರಿಕ್‌ಲೇಡ್ ಎಂಬ ಊರಿನಿಂದ ಪಾರ್ಲಿಮೆಂಟನ್ನು ಪ್ರವೇಶಿಸಿದನು. ಆ ಊರ ಲಂಚಗುಳಿತನವು ಎಷ್ಟು ಪ್ರಸಿದ್ಧವೆಂದರೆ, 1782ರಲ್ಲಿ ಪಾರ್ಲಿಮೆಂಟೇ ಸುತ್ತಣ ಭೂಮಾಲಿಕರಿಗೂ ಅಲ್ಲಿ ಮತದಾನದ ಹಕ್ಕನ್ನಿತ್ತು ಊರಿನವರ ಮತಗಳನ್ನು ಮುಳುಗಿಸಬೇಕಾಯಿತು. ತನ್ನನ್ನೂ ಸೇರಿಸಿ ಎಂಟು ಮಂದಿ ಸದಸ್ಯರನ್ನು ಬೆನ್‌ಫೀಲ್ಡನು ಆ ಸಭೆಯಲ್ಲಿ ಕೂರಿಸಿದನೆಂದು ಎಡ್ಮಂಡ್ ಬರ್ಕ್ ಆರೋಪಿಸಿದನು.

1784ರ ಇಂಡಿಯಾ ಶಾಸನವು ಈ ಸಾಲಗಳ ನ್ಯಾಯಾನ್ಯಾಯಗಳನ್ನು ಶೋಧಿಸಬೇಕೆಂದು ವಿಧಿಸಿದ್ದಿತು. ಕುಂಪಣಿಯ ಡೈರೆಕ್ಟರರು ಅದರಂತೆ ಆಜ್ಞಾಪತ್ರವನ್ನು ಸಿದ್ಧಪಡಿಸಿದರು. ಆದರೆ ಅದೇ ಶಾಸನದಿಂದ ಹುಟ್ಟಿದ ಕಂಟ್ರೋಲ್ ಮಂಡಲಿಯಲ್ಲಿ ಹೆನ್ರಿ ಡಂಡಾಸನು ಪತ್ರವನ್ನು ತಿದ್ದಿಸಿ, ಶೋಧನೆಯಿಲ್ಲದೆ ಸಾಲವನ್ನೆಲ್ಲ ಒಪ್ಪಿಕೊಂಡನು. ವರ್ಷಕ್ಕೆ 12 ಲಕ್ಷ ವರಾಹಗಳನ್ನು ನವಾಬನು ತೆತ್ತು ತೀರಿಸಬೇಕೆಂದಾಯಿತು. ಆ ಹಣ ಬರಬೇಕಾದುದು ಯಾವ ನಾಡಿನಿಂದ? ನಮ್ಮ ಹೈದರಾಲಿಯು 1780ರಲ್ಲಿ ಘಟ್ಟವನ್ನಿಳಿದು ಸುಟ್ಟು ಬರಿದುಮಾಡಿದ್ದ ಸೀಮೆಯಿಂದ!

1785ರ ಫೆಬ್ರವರಿ 28ರಂದು ಕಾಮನ್ಸ್ ಸಭೆಯಲ್ಲಿ ಕಾಗದಪತ್ರಗಳನ್ನು ಮಂಡಿಸಬೇಕೆಂಬ ಸೂಚನೆ ಬಂದಿತು. ಬರ್ಕನು ಬಹುದೀರ್ಘವಾಗಿ ಮಾತನಾಡಿದನು. ಆ ಭಾಷಣದಲ್ಲಿ ಹೈದರನ ದಂಡಯಾತ್ರೆಯ ವರ್ಣನೆಯನ್ನು ಇಂಗ್ಲಿಷ್ ಓದಿದ ನಮ್ಮವರು ಅನೇಕರು ಬಲ್ಲರು. ಅದರ ಲೆಕ್ಕದ ಭಾಗವನ್ನು ಬಲ್ಲವರು ಕಡಮೆ. ಪ್ರಧಾನಿಯಾಗಿದ್ದವನು ತಾಮಸ್ ಪಿಟ್ಟನ ಮರಿಮೊಮ್ಮಗನಾದ ಕಿರಿಯ ಪಿಟ್. ಅವನು ಸ್ವತಃ ಲಂಚ ತಿನ್ನುವವನಲ್ಲವೆಂಬುದನ್ನು ನಾವು ಮರೆಯಲಾಗದು. ಆದರೆ ಅವನ ಬಹುಮತದ ಮುಂದೆ ಸೂಚನೆಯು ಬಿದ್ದುಹೋಯಿತು. ಬರ್ಕನ ಪೀಠವಾದ ಮಾಲ್ಟನ್ ಸಹ ಒಬ್ಬ ಶ್ರೀಮಂತ ಪ್ರಭುವಿನ ಕೈಯಲ್ಲಿದ್ದ ಊರೇ. ಮತಕ್ಷೇತ್ರಗಳ ಸುಧಾರಣೆಯನ್ನು ಆತನೂ ಒಪ್ಪಿದವನಲ್ಲ. ಓಲ್ಡ್ ಸೇರಮಿನ ಹಕ್ಕು ಅಳಿಯಲು 1832 ಬರಬೇಕಾಯಿತು.

ಕರ್ನಾಟಕ್ ಸೀಮೆಯನ್ನು ಕುಂಪಣಿಯು 1801ರಲ್ಲಿ ವಶಪಡಿಸಿಕೊಂಡ ಮೇಲೆ ಹೊಸ ಸಾಲಪತ್ರಗಳು ರಾಶಿಯಾಗಿ ಬಂದು ಬಿದ್ದುವು. 1805ರಲ್ಲಿ ನೇಮಕವಾದ ಕಮಿಷನರರು ಇವನ್ನು ಒಂದೊಂದಾಗಿ ಪರೀಕ್ಷಿಸಿದರು. ಹಕ್ಕು ಕೇಳಿದ ಮೊಬಲಗು 3 ಕೋಟಿ ಪೌಂಡುಗಳಿಗೂ ಮಿಕ್ಕಿದ್ದಿತು. ದಿಟವೆಂದು ನಿಂತದ್ದು ಹತ್ತರಲ್ಲಿ ಒಂದು ಪಾಲಿಗೂ ಕಡಮೆ. ಡಂಡಾಸನು ಶೋಧನೆಯಿಲ್ಲದೆ ಒಪ್ಪಿದ್ದ ಹಳೆಯ ಸಾಲಗಳಾದರೋ ಕಮಿಷನರರ ಮುಂದೆ ಬರಲೇ ಇಲ್ಲ. ಅವು ಆ ವೇಳೆಗೆ ಬಡ್ಡಿಸಮೇತ ಸಂದುಹೋಗಿದ್ದುವು.