ನಮಗಿಂತ ಹೆಚ್ಚು ಸೋತವರು ಯಾರು? 49ಕ್ಕೆ ಆಲೌಟ್ ಆದವರ ಲೆಕ್ಕ

ಕಾರ್ಕಳ ತಾಲೂಕಿನ ಒಂದು ಊರಿನ ಯುವಕ ಮಂಡಲದ ಕಬಡ್ಡಿ ಹುಡುಗರು ಈ ಸಲ ಆರು ಪಂದ್ಯಾಟಗಳಿಗೆ ಹೋಗಿ ಬಂದರು. ಆರರಲ್ಲೂ ಮೊದಲ ಸುತ್ತಿನಲ್ಲೇ ಹೊರಗೆ. ಪ್ರವೇಶ ಶುಲ್ಕ, ಜೀಪಿನ ಬಾಡಿಗೆ, ಜೆರ್ಸಿ ಎಲ್ಲ ಕೈಯಿಂದಲೇ. ಕೊನೆಯ ಪಂದ್ಯಾಟ ಮುಗಿದು ರಾತ್ರಿ ಒಂದೂವರೆಗೆ ಮೈದಾನದ ಹೊರಗೆ ಆಮ್ಲೆಟ್ ಗಾಡಿಯ ಹತ್ತಿರ ನಿಂತಿದ್ದಾಗ, ವರದಿಗೆ ಹೋಗಿದ್ದ ನಮ್ಮ ಹತ್ತಿರ ಅವರಲ್ಲೊಬ್ಬ ತುಳುವಿನಲ್ಲಿ ಕೇಳಿದ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಅಣ್ಣಾ, ನಮ್ಮಷ್ಟು ಸೋತವರು ಬೇರೆ ಯಾರಾದ್ರೂ ಇದ್ದಾರಾ?"

ನಗಾಡಿಕೊಂಡೇ ಕೇಳಿದ್ದು. ಆದರೆ ತಂಡವನ್ನೇ ನಿಲ್ಲಿಸಿಬಿಡುವ ಮಾತು ಆಗಲೇ ಅವರಲ್ಲಿ ನಡೆದಿತ್ತು. ಆದ್ದರಿಂದ ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಬೇಕು ಅಂತ ನಮಗೆ ಅನಿಸಿತು. ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಬೆಂಗಳೂರು ತಂಡ ಇದೆಯಲ್ಲ!

2008: ದುಬಾರಿ ತಂಡ, 82 ರನ್

ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆದದ್ದು 2008ರ ಏಪ್ರಿಲ್ 18ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಕೋಲ್ಕತ್ತಾದ ಬ್ರೆಂಡನ್ ಮೆಕಲಮ್ 73 ಎಸೆತಕ್ಕೆ ಔಟಾಗದೆ 158 ಹೊಡೆದರು. ನಮ್ಮವರು 82ಕ್ಕೆ ಆಲೌಟ್, 140 ರನ್ ಸೋಲು. ನಮ್ಮ ಕಡೆ ಎರಡಂಕಿ ದಾಟಿದ್ದು ಬೌಲರ್ ಪ್ರವೀಣ್ ಕುಮಾರ್ ಒಬ್ಬರೇ. ಅಂದು 1 ರನ್‌ಗೆ ಔಟಾದ 19 ವರ್ಷದ ಹುಡುಗನ ಹೆಸರು ವಿರಾಟ್ ಕೊಹ್ಲಿ.

ಆ ತಂಡವನ್ನು ಕೊಂಡದ್ದು 11.16 ಕೋಟಿ ಡಾಲರ್‌ಗೆ. ಮುಂಬೈ ಬಿಟ್ಟರೆ ಅದೇ ಹೆಚ್ಚು ಬೆಲೆಯ ತಂಡ. ದ್ರಾವಿಡ್ ನಾಯಕ. ಕುಂಬ್ಳೆ, ಕಾಲಿಸ್, ಜಹೀರ್, ಸ್ಟೇನ್, ಬೌಚರ್ ಎಲ್ಲ ಇದ್ದರು. ಇದು ಟೆಸ್ಟ್ ತಂಡ ಅಂತ ಜನ ತಮಾಷೆ ಮಾಡಿದರು. ಸೀಸನ್ ಮಧ್ಯದಲ್ಲೇ ತಂಡದ ಸಿಇಒ ಬದಲಾದರು. 14 ಪಂದ್ಯಗಳಲ್ಲಿ ಗೆದ್ದದ್ದು 4, ಸಿಕ್ಕಿದ ಅಂಕ 8, ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಕೊನೆಯ ಸ್ಥಾನ ತಪ್ಪಿದ್ದು ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಕೇವಲ 2 ಪಂದ್ಯ ಗೆದ್ದದ್ದರಿಂದ.

ಮರುವರ್ಷದ ಕತೆ ಕೇಳಿ. 2009ರ ಮೇ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಫೈನಲ್ ಆಡಿದ್ದು ಇದೇ ಎರಡು ತಂಡಗಳು! ಹಿಂದಿನ ವರ್ಷದ ಏಳನೆಯವರು ಮತ್ತು ಎಂಟನೆಯವರು. ಎಂಟನೆಯವರು 6 ರನ್‌ನಿಂದ ಗೆದ್ದರು.

2017: 49

ಈ ಸಂಖ್ಯೆಗೆ ವಿವರಣೆ ಬೇಡ. 2017ರ ಏಪ್ರಿಲ್ 23, ಈಡನ್ ಗಾರ್ಡನ್ಸ್. ಕೋಲ್ಕತ್ತಾವನ್ನು ನಮ್ಮವರು 131ಕ್ಕೆ ಕಟ್ಟಿಹಾಕಿದ್ದರು. ಇನ್ನೇನು ಗೆದ್ದ ಹಾಗೆಯೇ ಅಂತ ಊಟಕ್ಕೆ ಎದ್ದವರು ಕೈ ತೊಳೆದು ಬರುವಷ್ಟರಲ್ಲಿ ಪಂದ್ಯ ಮುಗಿದಿತ್ತು. 9.4 ಓವರ್, 49 ರನ್, ಹತ್ತೂ ವಿಕೆಟ್. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರೂ ಇದ್ದ ತಂಡದಲ್ಲಿ ಒಬ್ಬರೂ ಎರಡಂಕಿ ಮುಟ್ಟಲಿಲ್ಲ. ಕೇದಾರ್ ಜಾಧವ್ ಅವರ 9 ರನ್ನೇ ದೊಡ್ಡದು.

ಈ ತಾರೀಕಿನದ್ದೇ ಒಂದು ವಿಚಿತ್ರ. ನಾಲ್ಕು ವರ್ಷ ಹಿಂದೆ, 2013ರ ಅದೇ ಏಪ್ರಿಲ್ 23ರಂದು ಗೇಲ್ 175 ಹೊಡೆದು ತಂಡ 263 ಮಾಡಿತ್ತು. ಐದು ವರ್ಷ ಬಿಟ್ಟು 2022ರ ಏಪ್ರಿಲ್ 23ರಂದು ಇದೇ ತಂಡ 68ಕ್ಕೆ ಆಲೌಟ್.

2016ರಲ್ಲಿ ಫೈನಲ್‌ನಲ್ಲಿ 8 ರನ್‌ನಿಂದ ಸೋತಿದ್ದ ತಂಡ 2017ರಲ್ಲಿ ಹೀಗೇಕಾಯಿತು? ಮುಖ್ಯ ಕಾರಣ ಗಾಯ. ಹಿಂದಿನ ವರ್ಷ 973 ರನ್ ಮಾಡಿದ್ದ ಕೊಹ್ಲಿ ಭುಜದ ನೋವಿನಿಂದ ಮೊದಲ ಕೆಲವು ಪಂದ್ಯ ಆಡಲಿಲ್ಲ. ಸುರತ್ಕಲ್‌ನಲ್ಲಿ ಬೆಳೆದ ನಮ್ಮ ಕೆ.ಎಲ್. ರಾಹುಲ್ ಅವರಿಗೆ ಭುಜದ ಶಸ್ತ್ರಚಿಕಿತ್ಸೆಯಾಗಿ ಇಡೀ ಸೀಸನ್ ತಪ್ಪಿತು. 14 ಪಂದ್ಯಗಳಲ್ಲಿ 3 ಗೆಲುವು, 10 ಸೋಲು, ಒಂದು ಮಳೆಗೆ ಹೋಯಿತು. 7 ಅಂಕ, ಎಂಟನೇ ಸ್ಥಾನ.

2019: ಕೊನೆಯವರೇ, ಆದರೆ ಒಂದು ಅಂಕ ದೂರ

2019ರಲ್ಲಿ ಚೆನ್ನೈನಲ್ಲಿ 70ಕ್ಕೆ ಆಲೌಟ್ ಆಗಿ ಸೀಸನ್ ಶುರು. ಎರಡನೇ ಪಂದ್ಯದಲ್ಲಿ ಮುಂಬೈ ವಿರುದ್ಧ ಕೊನೆಯ ಎಸೆತ ನೋಬಾಲ್ ಆಗಿದ್ದರೂ ಅಂಪೈರ್ ಕಣ್ಣಿಗೆ ಬೀಳಲಿಲ್ಲ, 6 ರನ್ ಸೋಲು. ಮೂರನೆಯದರಲ್ಲಿ ಹೈದರಾಬಾದಿನ ಬೇರ್‌ಸ್ಟೋ, ವಾರ್ನರ್ ಇಬ್ಬರೂ ಶತಕ ಹೊಡೆದರು, 118 ರನ್ ಸೋಲು. ಬೆಂಗಳೂರಿನಲ್ಲಿ 205 ಮಾಡಿದರೂ ರಸೆಲ್ 13 ಎಸೆತಕ್ಕೆ 48 ಬಾರಿಸಿ ಗೆದ್ದುಕೊಂಡು ಹೋದರು. ಹೀಗೆ ಮೊದಲ ಆರಕ್ಕೆ ಆರೂ ಸೋಲು.

ನಮ್ಮ ಹುಡುಗರ ಲೆಕ್ಕವೂ ಆರಕ್ಕೆ ಆರು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಿ.

ಉಳಿದ 8 ಪಂದ್ಯಗಳಲ್ಲಿ ಆ ತಂಡ 5 ಗೆದ್ದಿತು, 2 ಸೋತಿತು, ಒಂದು ಮಳೆಗೆ ಹೋಯಿತು. ಒಟ್ಟು 11 ಅಂಕ. ರಾಜಸ್ಥಾನಕ್ಕೂ ಅಷ್ಟೇ ಅಂಕ ಇತ್ತು, ರನ್‌ರೇಟ್‌ನಲ್ಲಿ ನಮ್ಮವರು ಹಿಂದೆ ಬಿದ್ದು ಎಂಟನೇ ಸ್ಥಾನಕ್ಕೆ ಹೋದರು. ಆದರೆ ನಾಲ್ಕನೇ ಸ್ಥಾನ ಪಡೆದು ಮುಂದಿನ ಸುತ್ತಿಗೆ ಹೋದ ಹೈದರಾಬಾದಿಗೆ ಇದ್ದದ್ದು ಬರೇ 12 ಅಂಕ!

ಈಗ ಮೂರನ್ನೂ ಹೋಲಿಸಿ ನೋಡುವ. ನಾಲ್ಕನೇ ಸ್ಥಾನದವರಿಗೆ 2008ರಲ್ಲಿ 15 ಅಂಕ, ನಮಗೆ 8. 2017ರಲ್ಲಿ ಅವರಿಗೆ 16, ನಮಗೆ 7. 2019ರಲ್ಲಿ ಅವರಿಗೆ 12, ನಮಗೆ 11. ಅಂದರೆ 2008ರ ಏಳನೇ ಸ್ಥಾನಕ್ಕಿಂತ 2019ರ ಎಂಟನೇ ಸ್ಥಾನವೇ ಮೇಲು. ಮೂರರಲ್ಲಿ ನಿಜವಾಗಿ ಕೆಟ್ಟದ್ದು 2017. ಪಟ್ಟಿಯಲ್ಲಿ ಎಷ್ಟನೆಯವರು ಅಂತ ನೋಡಿದರೆ ಇದು ಗೊತ್ತಾಗುವುದಿಲ್ಲ, ಎಷ್ಟು ದೂರ ಇದ್ದರು ಅಂತ ನೋಡಬೇಕು.

ಕಬಡ್ಡಿಯಲ್ಲಿ ಇನ್ನೂ ಕೆಟ್ಟದ್ದಿದೆ

ಕ್ರಿಕೆಟ್ ಬಿಟ್ಟು ಹುಡುಗರ ಆಟಕ್ಕೇ ಬರುವ. ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿಯ ಆರನೇ ಸೀಸನ್‌ನಲ್ಲಿ ಚಾಂಪಿಯನ್. 2019ರ ಜನವರಿ 5ರ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದದ್ದನ್ನು ಕಬಡ್ಡಿ ನೋಡುವವರು ಮರೆತಿರಲಿಕ್ಕಿಲ್ಲ.

ಅದೇ ತಂಡ 2024ರ ಹನ್ನೊಂದನೇ ಸೀಸನ್‌ನಲ್ಲಿ 22 ಪಂದ್ಯ ಆಡಿ ಗೆದ್ದದ್ದು 2. ಒಂದು ಸಮ, 19 ಸೋಲು. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದು. ಲೀಗ್‌ನಲ್ಲೇ ಹೆಚ್ಚು ರೈಡ್ ಅಂಕ ಗಳಿಸಿದ್ದ ಪರ್ದೀಪ್ ನರ್ವಾಲ್ ಆ ವರ್ಷ ನಾಯಕರಾಗಿದ್ದರು. ನೂರಕ್ಕೆ ಲೆಕ್ಕ ಹಾಕಿದರೆ 2017ರ ಆರ್‌ಸಿಬಿ ಗೆದ್ದದ್ದು ಸುಮಾರು 21, ಬುಲ್ಸ್ ಗೆದ್ದದ್ದು 9. ನಮ್ಮ ರಾಜ್ಯದ ದೊಡ್ಡ ಲೀಗ್ ತಂಡಗಳಲ್ಲಿ ಇದಕ್ಕಿಂತ ಕೆಟ್ಟ ಸೀಸನ್ ನಮ್ಮ ಗಮನಕ್ಕೆ ಬಂದಿಲ್ಲ.

ಇಲ್ಲೂ ಒಂದು ಲೆಕ್ಕ ಇದೆ. 2024ರ ಆ ಸೀಸನ್‌ನಲ್ಲಿ ಪ್ರೊ ಕಬಡ್ಡಿಯಲ್ಲಿ ಗೆದ್ದರೆ 5 ಅಂಕ, ಸಮವಾದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1 ಸಿಗುತ್ತಿತ್ತು. ಬುಲ್ಸ್‌ಗೆ ಸಿಕ್ಕಿದ್ದು 19 ಅಂಕ. ಎರಡು ಗೆಲುವಿಗೆ 10, ಸಮಕ್ಕೆ 3, ಉಳಿದ 6 ಅಂಕ ಸೋತು ಗಳಿಸಿದ್ದು. 19 ಸೋಲುಗಳಲ್ಲಿ ಆರು ಕೈಗೆ ಹತ್ತಿರ ಬಂದು ತಪ್ಪಿದವು. ಹತ್ತಿರದ ಸೋಲಿಗೂ ಒಂದು ಅಂಕ ಕೊಡುತ್ತಿದ್ದ ಆ ನಿಯಮ ನಮಗೆ ಇಷ್ಟವಾಯಿತು.

ಅಮೆರಿಕದ ಸೊನ್ನೆ

ಒಂದೂ ಗೆಲ್ಲದವರು ಇದ್ದಾರಾ? ಇದ್ದಾರೆ. ಅಮೆರಿಕದ ಫುಟ್‌ಬಾಲ್, ಅಂದರೆ ಹೆಲ್ಮೆಟ್ ಹಾಕಿಕೊಂಡು, ಚೆಂಡು ಹಿಡಿದುಕೊಂಡು ಓಡಿ ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. ಅದರ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ 1976ರಲ್ಲಿ ಹೊಸದಾಗಿ ಸೇರಿದ ಟ್ಯಾಂಪಾ ಬೇ ತಂಡ 14ಕ್ಕೆ 14 ಸೋತಿತು. ಮರುವರ್ಷವೂ ಸೋಲು ಮುಂದುವರಿದು ಸತತ 26 ಸೋಲಿನ ಮೇಲೆ ಮೊದಲ ಗೆಲುವು ಬಂತು. 2008ರಲ್ಲಿ ಡೆಟ್ರಾಯಿಟ್ ಲಯನ್ಸ್ 16ಕ್ಕೆ 16 ಸೋತಿತು. 2017ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕೂಡ 16ಕ್ಕೆ 16. ವರ್ಷಗಳನ್ನು ಗಮನಿಸಿದಿರಾ? 2008 ಮತ್ತು 2017, ನಮ್ಮ ಆರ್‌ಸಿಬಿಯ ಕೆಟ್ಟ ವರ್ಷಗಳೇ. ಬ್ರೌನ್ಸ್ ಅಭಿಮಾನಿಗಳು 2018ರ ಜನವರಿ ಚಳಿಯಲ್ಲಿ ಸೊನ್ನೆ ಗೆಲುವಿನ ಮೆರವಣಿಗೆಯನ್ನೇ ತೆಗೆದರು.

ಅಲ್ಲಿನ ಲೀಗ್ ಸೋತವರನ್ನು ಹಾಗೇ ಬಿಡುವುದಿಲ್ಲ. ಕಾಲೇಜುಗಳಿಂದ ಬರುವ ಹೊಸ ಆಟಗಾರರನ್ನು ಆರಿಸುವಾಗ ಕೊನೆಯ ಸ್ಥಾನದ ತಂಡಕ್ಕೆ ಮೊದಲ ಸರದಿ. ಡೆಟ್ರಾಯಿಟ್ 2009ರಲ್ಲಿ ಹಾಗೆ ಪಡೆದ ಮ್ಯಾಥ್ಯೂ ಸ್ಟ್ಯಾಫರ್ಡ್ ಅಲ್ಲಿ ಹನ್ನೆರಡು ಸೀಸನ್ ಇದ್ದರು. ಐಪಿಎಲ್, ಪ್ರೊ ಕಬಡ್ಡಿಯಲ್ಲಿ ಇಂಥ ಸರದಿ ಇಲ್ಲ, ಹರಾಜು ಇದೆ. ಎಲ್ಲರಿಗೂ ಖರ್ಚಿನ ಮಿತಿ ಒಂದೇ, ಆದ್ದರಿಂದ ಸೋತವರೂ ಹೊಸದಾಗಿ ತಂಡ ಕಟ್ಟಬಹುದು. ದಾರಿ ಬೇರೆಯಾದರೂ ಸೋತವನಿಗೆ ಇನ್ನೊಂದು ಅವಕಾಶ ಸಿಗಬೇಕು ಎಂಬ ಯೋಚನೆ ಎರಡೂ ಕಡೆ ಇದೆ.

ಸೋತವರು ಏನಾದರು?

ನಮ್ಮ ರಾಜ್ಯದ ತಂಡ ಮೈಸೂರು ಅಂತ ಇದ್ದಾಗ, 1951-52ರ ರಣಜಿಯಲ್ಲಿ ಬಾಂಬೆ ಎದುರು 28ಕ್ಕೆ ಆಲೌಟ್ ಆಗಿತ್ತು. ಮುಂದೆ ಅದೇ ಬಾಂಬೆ ಸತತ 15 ವರ್ಷ ಕಪ್ ಗೆದ್ದಿತು. ಆ ಸರಪಳಿ ಕಡಿದದ್ದು ನಮ್ಮವರೇ. 1973-74ರಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ಸೆಮಿಫೈನಲ್‌ನಲ್ಲಿ ಬಾಂಬೆಯನ್ನು ಹೊರಹಾಕಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ ತಂದಿತು.

ಆರ್‌ಸಿಬಿಯ ಮಹಿಳಾ ತಂಡ 2023ರಲ್ಲಿ ಮೊದಲ ಐದೂ ಪಂದ್ಯ ಸೋತಿತ್ತು. ಮರುವರ್ಷ ಮಾರ್ಚ್ 17ರಂದು ಸ್ಮೃತಿ ಮಂಧಾನ ಕಪ್ ಎತ್ತಿದರು. ಫೈನಲ್‌ನಲ್ಲಿ 4 ವಿಕೆಟ್ ತೆಗೆದದ್ದು ನಮ್ಮ ಕನ್ನಡತಿ ಶ್ರೇಯಾಂಕಾ ಪಾಟೀಲ್.

ಪುರುಷರ ತಂಡ 2025ರ ಜೂನ್ 3ರಂದು ಗೆದ್ದಿತು, ಹದಿನೆಂಟನೇ ಸೀಸನ್‌ನಲ್ಲಿ, ಅಹಮದಾಬಾದಿನಲ್ಲಿ, ಪಂಜಾಬ್ ವಿರುದ್ಧ. ಅಂತರ 6 ರನ್. 2009ರ ಫೈನಲ್ ಸೋತದ್ದೂ ಅಷ್ಟರಿಂದಲೇ. ಕಾರ್ಕಳ ಪೇಟೆಯಲ್ಲೂ ಆ ರಾತ್ರಿ ಪಟಾಕಿ ಸದ್ದು ಕೇಳಿತು. ಮರುದಿನ ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಹೆಚ್ಚಿನವರು ನಮ್ಮ ಹುಡುಗರ ಪ್ರಾಯದವರೇ, ಕೆಲವರು ಇನ್ನೂ ಸಣ್ಣವರು. ಮೇಲಿನ ಎಲ್ಲ ಸೋಲಿಗೂ ಮರುವರ್ಷ ಅಂತ ಒಂದಿತ್ತು. ಆ 11 ಮನೆಗಳಿಗೆ ಅದಿಲ್ಲ. ಹಾಗಾಗಿ ಅಂಕಪಟ್ಟಿ ನೋಡಿ ಅತಿ ಕೆಟ್ಟ ವರ್ಷ ಇದೇ ಅಂತ ಹೇಳುವಾಗ ನಾವು ಈಗ ಸ್ವಲ್ಪ ತಡೆಯುತ್ತೇವೆ.

ಹುಡುಗರಿಗೆ ಉತ್ತರ

ಈ ಲೆಕ್ಕ ಎಲ್ಲ ಬರೆದುಕೊಂಡು ಹೋಗಿ ಆ ಹುಡುಗರಿಗೆ ಹೇಳಿದೆವು. ಆರಕ್ಕೆ ಆರು ಸೋತ ನೀವು ಸೊನ್ನೆಯ ಲೆಕ್ಕದಲ್ಲಿ ಡೆಟ್ರಾಯಿಟ್ ಜೊತೆ ಇದ್ದೀರಿ, ಆದರೆ ಆ ಲೆಕ್ಕ ಸರಿಯಲ್ಲ ಎಂದೆವು. ಯಾಕೆಂದರೆ ನಮ್ಮ ಊರಿನ ಹೊನಲು ಬೆಳಕಿನ ಪಂದ್ಯಾಟಗಳು ಹೆಚ್ಚಾಗಿ ನಾಕೌಟ್. ಸೋತರೆ ಮನೆಗೆ. ಆರು ಪಂದ್ಯಾಟ ಅಂದರೆ ಅವರು ಆಡಿದ್ದು ವರ್ಷಕ್ಕೆ ಆರೇ ಪಂದ್ಯ. 2019ರ ಆರ್‌ಸಿಬಿಯ ಕತೆಯನ್ನು ಆರನೇ ಪಂದ್ಯಕ್ಕೆ ನಿಲ್ಲಿಸಿದ್ದರೆ ಅವರದ್ದೂ ಸೊನ್ನೆಯೇ ಆಗುತ್ತಿತ್ತು. ಏಳನೇ ಪಂದ್ಯ ಇತ್ತು, ಅದಕ್ಕೇ ಗೆದ್ದರು.

ಗೆಲ್ಲುವ ತಂಡ ಒಂದೇ ರಾತ್ರಿ ನಾಲ್ಕೈದು ಪಂದ್ಯ ಆಡಿ ಇನ್ನೂ ಗಟ್ಟಿಯಾಗುತ್ತದೆ. ಆಟದ ಅಭ್ಯಾಸ ಹೆಚ್ಚು ಬೇಕಾದ ತಂಡಕ್ಕೆ ಸಿಗುವುದು ಒಂದೇ ಪಂದ್ಯ. ಪಂದ್ಯಾಟ ನಡೆಸುವ ಯುವಕ ಮಂಡಲ, ಫ್ರೆಂಡ್ಸ್ ಕ್ಲಬ್ಬುಗಳಲ್ಲಿ ನಮ್ಮದೊಂದು ವಿನಂತಿ. ತಂಡಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ, ಮೊದಲು ಲೀಗ್ ಆಡಿಸಿ, ಆಮೇಲೆ ನಾಕೌಟ್ ಇಡಿ. ರಾತ್ರಿ ಸಾಲದಿದ್ದರೆ ಮಧ್ಯಾಹ್ನವೇ ಶುರು ಮಾಡಿ. ದುಡ್ಡು ಕಟ್ಟಿ ಬಂದ ತಂಡಕ್ಕೆ ಕಡಿಮೆಯೆಂದರೂ ಮೂರು ಪಂದ್ಯ ಸಿಗಲಿ.

ನಾವು ಹೇಳಿದ್ದನ್ನೆಲ್ಲ ಕೇಳಿದ ಆ ಹುಡುಗ ಒಂದೇ ಮಾತು ಕೇಳಿದ: "ಏಳನೇದು ಎಲ್ಲುಂಟು ಅಣ್ಣಾ?"

ಪಂದ್ಯಾಟ ಇಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿಸಿ. ಹುಡುಗರು ತಯಾರಿದ್ದಾರೆ.