ಸರಣಿ ಬಂತು, ಸಂಗಾತಿ ಬರಲಿಲ್ಲ: ಕನ್ನಡ ನೋಡುಗರ ಕಣ್ಣಲ್ಲಿ ಟೀವಿಯ ವಿಜ್ಞಾನ ಕಥಾಲೋಕ

ಟೀವಿಯ ವಿಜ್ಞಾನ ಕಥಾಸರಣಿಗೆ ಮನಸೋತವರು ಕಂತು ಮುಗಿದ ಕೂಡಲೇ ಎದ್ದು ಹೋಗುವವರಲ್ಲ. ಅದರ ಕಾದಂಬರಿ ಹುಡುಕಿ ಓದುತ್ತಾರೆ, ಕಾಮಿಕ್ಸ್ ಕೂಡಿಡುತ್ತಾರೆ, ಧ್ವನಿನಾಟಕ ಕೇಳುತ್ತಾರೆ. ಕಥೆಯಲ್ಲಿ ಹೇಳದೆ ಬಿಟ್ಟದ್ದನ್ನು ತಾವೇ ಊಹಿಸಿ ಗೆಳೆಯರೊಡನೆ ವಾದ ಹೂಡುತ್ತಾರೆ. ಸರಣಿಯ ಸುತ್ತ ಹುಟ್ಟುವ ಇಂಥವನ್ನೆಲ್ಲ ನಾನು ಸಂಗಾತಿ ಕೃತಿಗಳು ಎಂದು ಕರೆಯುತ್ತೇನೆ. ಸರಣಿಗೆ ಆಯುಷ್ಯ ಕೊಡುವುದು ಇವೇ. ಕೃಷ್ಣೆಯ ದಂಡೆಯ ಚಿಕ್ಕಪಡಸಲಗಿಯಿಂದ ಈ ಕ್ಷೇತ್ರದ ಐವತ್ತು ವರ್ಷಗಳನ್ನು ಹಿಂದಿರುಗಿ ನೋಡಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ನಮ್ಮ ಮನೆಗಳಿಗೆ ಸರಣಿಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬಂದವು, ಅವುಗಳ ಸಂಗಾತಿಗಳು ಕನ್ನಡಕ್ಕೆ ಬರಲಿಲ್ಲ. ಇತ್ತ ಕನ್ನಡದಲ್ಲಿ ವಿಜ್ಞಾನ ಕಥೆ, ಕಾದಂಬರಿ, ಕಾಮಿಕ್ಸ್ ಬೆಳೆದವು, ಅವುಗಳಿಗೊಂದು ಸರಣಿ ಸಿಗಲಿಲ್ಲ. ಎರಡು ದಾರಿಗಳೂ ನಮ್ಮೂರ ಮೂಲಕವೇ ಹಾದವು; ಕೂಡಲಿಲ್ಲ.

ಸಂಗಾತಿಗಳ ಬಲ

ಸಂಗಾತಿ ಕೃತಿಗಳ ಬೆಲೆ ತಿಳಿಯಲು ಎರಡು ಸರಣಿಗಳ ಚರಿತ್ರೆ ಸಾಕು. ಜೀನ್ ರಾಡನ್‌ಬೆರಿ ರೂಪಿಸಿದ ‘ಸ್ಟಾರ್ ಟ್ರೆಕ್’ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರ ಸೆಪ್ಟೆಂಬರ್ 8ರಂದು ಶುರುವಾಯಿತು. ಮೂರು ವರ್ಷ, 79 ಕಂತು, ಅಲ್ಲಿಗೆ ನಿಂತಿತು. ಎರಡನೆಯ ವರ್ಷಕ್ಕೇ ನಿಲ್ಲಬೇಕಿದ್ದದ್ದು ಮೂರನೆಯ ವರ್ಷ ಕಂಡದ್ದರ ಹಿಂದೆ ಅಭಿಮಾನಿಗಳು ಬರೆದ ಪತ್ರಗಳ ಮಹಾಪೂರವಿತ್ತು. ಸರಣಿ ಇನ್ನೂ ಓಡುತ್ತಿದ್ದಾಗಲೇ, 1967ರಲ್ಲಿ, ಜೇಮ್ಸ್ ಬ್ಲಿಶ್ ಅದರ ಕಂತುಗಳನ್ನು ಕಥೆಗಳಾಗಿ ಬರೆದು ಪುಸ್ತಕ ಹೊರತಂದರು. ತೆರೆಯ ಮೇಲೆ ಬಂದದ್ದನ್ನು ನೋಡಿ ಬರೆದ ಪುಸ್ತಕವಲ್ಲ ಅದು, ಚಿತ್ರಕಥೆಯ ಪ್ರತಿ ಇಟ್ಟುಕೊಂಡು ಬರೆದದ್ದು. ಹಾಗಾಗಿ ಓದಿದ ಕಥೆಗೂ ನೋಡಿದ ಕಂತಿಗೂ ಅಲ್ಲಲ್ಲಿ ವ್ಯತ್ಯಾಸ ಉಳಿಯಿತು, ಅಭಿಮಾನಿಗಳಿಗೆ ಅದೇ ಚರ್ಚೆಯ ವಸ್ತುವಾಯಿತು. ಪ್ರಸಾರ ನಿಂತ ಮೇಲೂ ಈ ಪುಸ್ತಕಗಳು, ಮರುಪ್ರಸಾರ ಮತ್ತು ಅಭಿಮಾನಿಗಳ ಸಮ್ಮೇಳನಗಳು ಸರಣಿಯನ್ನು ಉಸಿರಾಡಿಸಿದವು. 1976ರಲ್ಲಿ ನಾಸಾದ ಮೊದಲ ಬಾಹ್ಯಾಕಾಶ ಷಟಲ್‌ಗೆ ‘ಎಂಟರ್‌ಪ್ರೈಸ್’ ಎಂದು ಕಥೆಯ ನೌಕೆಯ ಹೆಸರನ್ನೇ ಇಡಿಸಿದ್ದೂ ಅಭಿಮಾನಿಗಳ ಪತ್ರಗಳೇ. ಕಥೆಯ ನೌಕೆಯ ಸಂಪರ್ಕಾಧಿಕಾರಿ ಉಹುರಾಳ ಪಾತ್ರ ಮಾಡಿದ ನಿಶೆಲ್ ನಿಕೋಲ್ಸ್ ಮುಂದೆ ನಾಸಾಕ್ಕೆ ಮಹಿಳೆಯರನ್ನೂ ಕಪ್ಪು ಜನಾಂಗದವರನ್ನೂ ಸೆಳೆಯುವ ಕೆಲಸ ಮಾಡಿದರು.

ಬ್ರಿಟನ್ನಿನ ‘ಡಾಕ್ಟರ್ ಹೂ’ ಇನ್ನೂ ದೊಡ್ಡ ಪಾಠ. 1963ರ ನವೆಂಬರ್ 23ರಂದು ಆರಂಭವಾದ ಈ ಸರಣಿಯ ಹಳೆಯ ಟೇಪುಗಳನ್ನು ಬಿಬಿಸಿ ಅಳಿಸಿತು. 90ಕ್ಕೂ ಹೆಚ್ಚು ಕಂತುಗಳು ಕಣ್ಮರೆಯಾದವು. ಆದರೆ ಅವುಗಳ ಧ್ವನಿ ಉಳಿದಿದೆ, ಏಕೆಂದರೆ ಟೀವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡ ಅಭಿಮಾನಿಗಳು ಮನೆಯಲ್ಲೇ ಅದನ್ನು ಮುದ್ರಿಸಿಕೊಂಡಿದ್ದರು. ಕಥೆಯೂ ಉಳಿದಿದೆ: 1973ರಿಂದ ಟಾರ್ಗೆಟ್ ಪ್ರಕಾಶನ ಈ ಸರಣಿಯ ಅಗ್ಗದ ಕಾದಂಬರಿಗಳನ್ನು ಸಾಲಾಗಿ ಹೊರತಂದಿತು. ಟೆರನ್ಸ್ ಡಿಕ್ಸ್ ಒಬ್ಬರೇ 60ಕ್ಕೂ ಹೆಚ್ಚು ಬರೆದರು. ಮರುಪ್ರಸಾರ ಅಪರೂಪವಾಗಿದ್ದ ಆ ಕಾಲದ ಮಕ್ಕಳು ಹಳೆಯ ಕಂತುಗಳನ್ನು ನೋಡಿದ್ದು ಈ ಪುಟಗಳಲ್ಲಿ. ಸರಣಿ 1989ರಲ್ಲಿ ನಿಂತಾಗ ಕಾದಂಬರಿಗಳು ಮುಂದುವರಿದವು, 1999ರಿಂದ ಬಿಗ್ ಫಿನಿಶ್ ಸಂಸ್ಥೆಯ ಧ್ವನಿನಾಟಕಗಳು ಸೇರಿಕೊಂಡವು. 2005ರಲ್ಲಿ ಸರಣಿ ಮರುಹುಟ್ಟು ಪಡೆದಾಗ ಅದನ್ನು ಬರೆದವರಲ್ಲಿ ಹಲವರು ಇದೇ ಕಾದಂಬರಿ, ಧ್ವನಿನಾಟಕಗಳಲ್ಲಿ ಕೈ ಪಳಗಿಸಿಕೊಂಡಿದ್ದ ಅಭಿಮಾನಿಗಳು. ಹದಿನಾರು ವರ್ಷಗಳ ಬರಗಾಲವನ್ನು ಸಂಗಾತಿ ಕೃತಿಗಳು ದಾಟಿಸಿದ್ದವು.

ಉಪಗ್ರಹ ಇಳಿದ ಜಿಲ್ಲೆ

ನಮ್ಮ ಭಾಗಕ್ಕೆ ಟೀವಿ ಕಾಲಿಟ್ಟ ರೀತಿಯೇ ವಿಜ್ಞಾನ ಕಥೆಯಂತಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಎಲ್ಲವೂ 1997ರವರೆಗೆ ಬಿಜಾಪುರ ಜಿಲ್ಲೆಯಲ್ಲಿದ್ದವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ತೆರೆದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಟೀವಿ ಪ್ರಯೋಗದಲ್ಲಿ ಕರ್ನಾಟಕದ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ನಾಸಾದ ಎಟಿಎಸ್–6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ನೇರವಾಗಿ ಇಳಿಯಿತು. ತಂತಿಜಾಲರಿಯ ದೊಡ್ಡ ಆಂಟೆನಾ, ಸಮುದಾಯದ ಒಂದು ಟೀವಿ, ಅದರ ಮುಂದೆ ಊರಿಗೆ ಊರೇ. ಬಾಹ್ಯಾಕಾಶ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಕಂಡ ಕನಸು ಅದು. ಮಕ್ಕಳಿಗಾಗಿ ವಿಜ್ಞಾನದ ಕಾರ್ಯಕ್ರಮಗಳನ್ನು ಇಸ್ರೋದ ಮುಂಬಯಿ ಸ್ಟುಡಿಯೊ ತಯಾರಿಸಿತು, ಪ್ರಸಾರದ ಭಾಷೆಗಳಲ್ಲಿ ಕನ್ನಡವೂ ಇತ್ತು.

ಇದರಲ್ಲಿ ವಿಜ್ಞಾನ ಸಾಹಿತಿಯೊಬ್ಬರ ನಂಟೂ ಇದೆ. ಭೂಮಿಯ ಮೇಲೆ ಒಂದೇ ತಾಣದಲ್ಲಿ ನಿಂತಂತೆ ತೋರುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಪ್ರಸಾರ ಸಾಧ್ಯವೆಂದು 1945ರಲ್ಲೇ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಸೈಟ್ ನಡೆದಾಗ ಕೊಲಂಬೊದಲ್ಲಿದ್ದ ಅವರ ಮನೆಗೂ ಭಾರತದ ಕಡೆಯಿಂದ ಒಂದು ಗ್ರಾಹಕ ಕೇಂದ್ರ ಹೋಗಿತ್ತು. ಅಂದರೆ ಬಿಜಾಪುರ ಜಿಲ್ಲೆಯ ರೈತರ ಮುಂದಿದ್ದ ಕಾರ್ಯಕ್ರಮದ ಮೂಲವೇ ಕ್ಲಾರ್ಕರ ಮನೆಯ ಟೀವಿಗೂ ಇತ್ತು. ಇವರದೇ ‘2001: ಎ ಸ್ಪೇಸ್ ಒಡಿಸ್ಸಿ’ ಸಂಗಾತಿ ಕೃತಿಗೆ ಶ್ರೇಷ್ಠ ಉದಾಹರಣೆ. ಕ್ಯೂಬ್ರಿಕ್ ನಿರ್ದೇಶನದ ಸಿನಿಮಾವೂ ಕ್ಲಾರ್ಕರ ಕಾದಂಬರಿಯೂ ಜೊತೆಜೊತೆಗೆ ಬೆಳೆದು ಎರಡೂ 1968ರಲ್ಲಿ ಹೊರಬಂದವು. ಸಿನಿಮಾ ಮೌನವಾಗಿ ಬಿಟ್ಟದ್ದಕ್ಕೆ ಕಾದಂಬರಿ ಮಾತು ಕೊಟ್ಟಿತು.

ಹಿಂದಿಯಲ್ಲಿ ಹಾರಿದ ನೌಕೆಗಳು

1980ರ ದಶಕದ ನಡುವಿನಲ್ಲಿ ದೇಶದುದ್ದಕ್ಕೂ ಮರುಪ್ರಸಾರ ಕೇಂದ್ರಗಳು ಎದ್ದಾಗ ವಿಜ್ಞಾನ ಸರಣಿಗಳೂ ಮನೆ ಹೊಕ್ಕವು. ಮೂಲ ‘ಸ್ಟಾರ್ ಟ್ರೆಕ್’ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಬರುತ್ತಿತ್ತು. ಜಪಾನಿನ ‘ಜೈಂಟ್ ರೋಬೊ’ ಬಂತು. ನಮ್ಮವರೇ ಮಾಡಿದ ‘ಸ್ಪೇಸ್ ಸಿಟಿ ಸಿಗ್ಮಾ’ ಬಂತು. 1989ರಲ್ಲಿ ಆನಂದ್ ಮಹೇಂದ್ರೂ ನಿರ್ದೇಶನದ ‘ಇಂದ್ರಧನುಷ್’ ಮಕ್ಕಳ ಕೈಗೆ ಕಂಪ್ಯೂಟರ್ ಕೊಟ್ಟು ಕಾಲಪಯಣಕ್ಕೆ ಕರೆದೊಯ್ಯಿತು. 1998ರಲ್ಲಿ ಕೇತನ್ ಮೆಹ್ತಾ ಅವರ ‘ಕ್ಯಾಪ್ಟನ್ ವ್ಯೋಮ್’, ಮಿಲಿಂದ್ ಸೋಮನ್ ಮುಖ್ಯಪಾತ್ರದಲ್ಲಿ, ಬಾಹ್ಯಾಕಾಶದ ಸೆರೆಮನೆಯಿಂದ ತಪ್ಪಿಸಿಕೊಂಡ ಅಪರಾಧಿಗಳ ಬೆನ್ನಟ್ಟಿತು. ಇಂದು ಅದರ ರಟ್ಟಿನ ಗೋಡೆಗಳು, ಒರಟು ಗ್ರಾಫಿಕ್ಸ್ ಕಣ್ಣಿಗೆ ಬೀಳುತ್ತವೆ ನಿಜ. ಆದರೆ ಭವಿಷ್ಯದ ನೌಕೆಯ ಚುಕ್ಕಾಣಿಯನ್ನು ಭಾರತೀಯನೇ ಹಿಡಿದದ್ದು ಆ ವಯಸ್ಸಿನ ಮಕ್ಕಳಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಎಲ್ಲವನ್ನೂ ಮೀರಿಸಿದ್ದು 1997ರ ಸೆಪ್ಟೆಂಬರ್ 13ರಂದು ಶುರುವಾಗಿ 2005ರವರೆಗೆ ನಡೆದ ‘ಶಕ್ತಿಮಾನ್’. ಯೋಗ, ಕುಂಡಲಿನಿ, ಅನ್ಯಗ್ರಹ, ಕ್ಲೋನಿಂಗ್, ಹುಚ್ಚು ವಿಜ್ಞಾನಿ ಡಾಕ್ಟರ್ ಜೈಕಾಲ್ ಎಲ್ಲವನ್ನೂ ಬೆರೆಸಿದ ಈ ಸರಣಿಯನ್ನು ಶುದ್ಧ ವಿಜ್ಞಾನ ಕಥೆ ಎನ್ನಲಾಗದು. ಆದರೆ ಸಂಗಾತಿಗಳ ಬಲವನ್ನು ಭಾರತಕ್ಕೆ ಮೊದಲು ತೋರಿಸಿದ್ದು ಇದೇ. ಡೈಮಂಡ್ ಕಾಮಿಕ್ಸ್‌ನ ಪುಸ್ತಕಗಳು, ಸ್ಟಿಕ್ಕರ್‌ಗಳು, ಜಾತ್ರೆಯ ಅಂಗಡಿಗಳಲ್ಲಿ ತೂಗುತ್ತಿದ್ದ ಕೆಂಪು ಉಡುಪು ಹಳ್ಳಿಹಳ್ಳಿಗೂ ಮುಟ್ಟಿದವು. ಕಂತಿನ ಕೊನೆಯಲ್ಲಿ ಶಕ್ತಿಮಾನ್ ಪಾತ್ರಧಾರಿ ಮುಕೇಶ್ ಖನ್ನಾ ಮಕ್ಕಳೊಡನೆ ನೇರವಾಗಿ ಮಾತಾಡುವ ಭಾಗವೂ ಒಂದು ಬಗೆಯ ಸಂಗಾತಿಯೇ.

ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳ ಕಾಲದಿಂದ ನಮ್ಮ ಭಾಗಕ್ಕೆ ಮರಾಠಿಯ ಸಹವಾಸವಿದೆ, ಅದರ ಬೆನ್ನಿಗೆ ಹಿಂದಿಯೂ ಕಿವಿಗೆ ಬಿದ್ದಿದೆ. ಹಾಗಾಗಿ ಕಥೆ ತಿಳಿಯುತ್ತಿತ್ತು. ಆದರೆ ನೋಡಿದ್ದನ್ನು ಓದಿ ಬೆಳೆಸಿಕೊಳ್ಳಲು ಕನ್ನಡದ ಪುಟವೊಂದು ಇರಲಿಲ್ಲ. ಮಗು ಹಿಂದಿಯಲ್ಲಿ ಕನಸು ಕಂಡು ಕನ್ನಡ ಶಾಲೆಗೆ ಮರಳುತ್ತಿತ್ತು.

ಕನ್ನಡದ ಕಾಗದದ ಮೇಲೆ

ಇನ್ನೊಂದು ದಾರಿ ಇದಕ್ಕಿಂತ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು ‘ಬಾಲಪ್ರಪಂಚ’ ಬರೆದು ಮಕ್ಕಳ ಮುಂದೆ ಜಗತ್ತನ್ನು ಬಿಡಿಸಿಟ್ಟರು. 1978ರಿಂದ ‘ಬಾಲವಿಜ್ಞಾನ’ ಶಾಲೆಗಳಿಗೆ ಬರತೊಡಗಿತು. ವಿಜ್ಞಾನವನ್ನು ಕನ್ನಡದಲ್ಲಿ ಹೇಳುವ ನುಡಿ ಹೀಗೆ ಹದಗೊಂಡಿತು. ಚಿತ್ರಕಥೆಯೂ ಬಂತು: 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ದೊರೆಯುತ್ತಿತ್ತು. ಅದರಲ್ಲಿ ಫ್ಯಾಂಟಮ್, ಮಾಂಡ್ರೇಕ್ ಜೊತೆಗೆ ಅಂತರಿಕ್ಷವೀರ ಫ್ಲ್ಯಾಶ್ ಗಾರ್ಡನ್ ಇದ್ದ. 1934ರಲ್ಲಿ ಅಲೆಕ್ಸ್ ರೇಮಂಡ್ ಕುಂಚದಿಂದ ಹುಟ್ಟಿ 1936ರಲ್ಲಿ ಸಿನಿಮಾ ಸರಣಿಯಾದ ಪಾತ್ರವದು. ಹೊರಜಗತ್ತಿಗೆ ಕಾಮಿಕ್ಸ್ ಮತ್ತು ಸರಣಿ ಎರಡೂ ಸಿಕ್ಕವು, ನಮ್ಮ ಪಾಲಿಗೆ ಕಾಮಿಕ್ಸ್ ಮಾತ್ರ ಬಂತು.

ಕಾದಂಬರಿಯಲ್ಲಿ ರಾಜಶೇಖರ ಭೂಸನೂರಮಠರ ಹೆಸರು ಮೊದಲು ಬರಬೇಕು. ವಿಜ್ಞಾನ ಕಥೆಯನ್ನೇ ತಮ್ಮ ಮುಖ್ಯ ಕ್ಷೇತ್ರವಾಗಿ ಆರಿಸಿಕೊಂಡು, ‘ಆಪರೇಶನ್ ಯುಎಫ್‌ಒ’ದಂಥ ಕೃತಿಗಳಿಂದ ಕನ್ನಡದ ಓದುಗರನ್ನು ಗ್ರಹಾಂತರಕ್ಕೆ ಒಯ್ದವರು ಅವರು. ಮನು ಅವರ ‘ಮಹಾಸಂಪರ್ಕ’ ಮಹಾಭಾರತವನ್ನು ಅನ್ಯಗ್ರಹ ಜೀವಿಗಳ ಸಂಪರ್ಕದ ಕಥೆಯಾಗಿ ಓದಿಸಿತು. ಇದು ನಮ್ಮ ಸೀಮೆಯ ನೋಡುಗರಿಗೆ ಬಹಳ ಹತ್ತಿರದ ಹಾದಿ. ಒಂದೇ ಭಾರತಕಥೆಯನ್ನು ಗಮಕದಲ್ಲಿ ಕೇಳಿ, ದೊಡ್ಡಾಟದಲ್ಲಿ ನೋಡಿ, ಸಿನಿಮಾದಲ್ಲಿ ಮತ್ತೆ ಕಂಡವರು ನಾವು. ಒಂದು ಕಥೆ ಹಲವು ರೂಪಗಳಲ್ಲಿ ಬದುಕುವುದು ನಮಗೆ ಹೊಸದಲ್ಲ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ವಿಜ್ಞಾನ ಕಥೆಯ ಚೌಕಟ್ಟಿಗೆ ಪೂರ್ತಿ ಒಗ್ಗುವುದಿಲ್ಲ. ಆದರೂ ವಿಜ್ಞಾನಿಯ ಹಿಂದೆ ಹಳ್ಳಿಯ ಜನ ಕಾಡು ಹೊಕ್ಕು ಹಾರುವ ಓತಿಯನ್ನು ಅರಸುವ ಆ ಕಥೆ ಒಂದು ಒಳ್ಳೆಯ ಸರಣಿಗೆ ಬೇಕಾದ ಗುಟ್ಟನ್ನು ಹೇಳಿಕೊಡುತ್ತದೆ: ವಿಸ್ಮಯ ಹುಟ್ಟಬೇಕಾದದ್ದು ನಮಗೆ ಪರಿಚಿತವಾದ ಮನುಷ್ಯರ ನಡುವೆ.

ನೆರೆಯಲ್ಲಿ ಮರಾಠಿ ಏನು ಮಾಡಿತೆಂಬುದನ್ನೂ ನೋಡಬೇಕು. ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಬೇರೆ ಹೆಸರಿನಲ್ಲಿ ಕಥೆ ಕಳಿಸಿ ಬಹುಮಾನ ಪಡೆದರು, ಮುಂದೆ ಮರಾಠಿ ವಿಜ್ಞಾನ ಕಥೆಯ ದೊಡ್ಡ ಹೆಸರಾದರು. 1990ರ ದಶಕದಲ್ಲಿ ದೂರದರ್ಶನಕ್ಕೆ ‘ಬ್ರಹ್ಮಾಂಡ್’ ಸರಣಿಯನ್ನೂ ಕೊಟ್ಟರು. ಅಲ್ಲಿ ಕಥೆಗಾರನೂ ಟೀವಿಯೂ ಒಂದೇ ವ್ಯಕ್ತಿಯಲ್ಲಿ ಕೂಡಿದವು.

ಏಕೆ ಕೂಡಲಿಲ್ಲ

ಕನ್ನಡದಲ್ಲಿ ಕೂಡದಿರಲು ಕಾರಣಗಳಿವೆ. ಮೊದಲನೆಯದು ಹಣ. ದಿನಕ್ಕೊಂದು ಕಂತು ಚಿತ್ರಿಸುವ ಧಾರಾವಾಹಿಗೆ ಒಂದು ಮನೆ, ಒಂದು ಕುಟುಂಬ ಸಾಕು. ನೌಕೆ ಕಟ್ಟಲು, ಗ್ರಾಫಿಕ್ಸ್ ಮಾಡಲು ಹಣವೂ ಸಮಯವೂ ಬೇಕು. ಎರಡನೆಯದು ಅಂಜಿಕೆ. ನಾಗಿಣಿಯ ಕಥೆ ನಡೆಯುತ್ತದೆ, ದೆವ್ವದ ಕಥೆ ನಡೆಯುತ್ತದೆ, ವಿಜ್ಞಾನದ ಕಥೆ ನಡೆಯದು ಎಂಬ ಎಣಿಕೆ ಬೇರೂರಿತು. 1990ರ ಸುಮಾರಿಗೆ ಸದಾನಂದ ಸುವರ್ಣರ ‘ಗುಡ್ಡದ ಭೂತ’ ನಿಗೂಢ ಕಥೆಯೊಂದಿಗೆ ಕನ್ನಡ ನಾಡನ್ನೇ ಹಿಡಿದು ಕೂರಿಸಿದ್ದನ್ನು ನೆನೆದರೆ, ಒಗಟಿನ ಜಾಡು ಹಿಡಿಯುವ ನೋಡುಗರು ನಮ್ಮಲ್ಲಿದ್ದಾರೆ, ಈ ಎಣಿಕೆ ತಪ್ಪು ಎಂದು ತಿಳಿಯುತ್ತದೆ.

ಮೂರನೆಯದು ಡಬ್ಬಿಂಗ್ ವಿರೋಧ. ಕನ್ನಡ ಕಲಾವಿದರ ಅನ್ನವನ್ನು ಉಳಿಸಲು ಹುಟ್ಟಿದ ಆ ನಿಲುವಿನ ಹಿಂದೆ ನೈಜ ಕಾಳಜಿಯಿತ್ತು. ಆದರೆ ಅದರ ಬೆಲೆಯನ್ನು ಮಕ್ಕಳು ತೆತ್ತರು. 2009ರಲ್ಲಿ ಚಿಂಟು ಟಿವಿ ಬರುವತನಕ ಕಾರ್ಟೂನುಗಳೂ ಅವರಿಗೆ ಕನ್ನಡದಲ್ಲಿ ಸಿಗುವುದು ಅಪರೂಪವಾಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದರ ವಿರುದ್ಧ ಆದೇಶ ಕೊಟ್ಟ ಮೇಲೆ ದಾರಿ ನಿಧಾನವಾಗಿ ತೆರೆಯಿತು. ನನ್ನ ನಿಲುವು ಸ್ಪಷ್ಟ: ಜಗತ್ತಿನ ಉತ್ತಮ ವಿಜ್ಞಾನ ಸರಣಿಗಳು ಕನ್ನಡದ ಧ್ವನಿಯಲ್ಲಿ ಬರಲೇಬೇಕು, ಅವುಗಳ ಪುಸ್ತಕಗಳು ಕನ್ನಡದ ಅಕ್ಷರದಲ್ಲಿ ಬರಲೇಬೇಕು. ಅವನ್ನು ಕನ್ನಡದಲ್ಲಿ ಕಂಡು ಬೆಳೆದವರೇ ನಾಳೆ ಕನ್ನಡದ ಸರಣಿ ಬರೆಯುತ್ತಾರೆ.

ಧಾರಾವಾಹಿ ಕೈಬಿಟ್ಟದ್ದನ್ನು ಸಿನಿಮಾ ಎತ್ತಿಕೊಳ್ಳುತ್ತಿದೆ. 2002ರ ‘ಹಾಲಿವುಡ್’ನಲ್ಲಿ ಉಪೇಂದ್ರ ರೋಬೊ ಆದರು. 2013ರ ‘ಲೂಸಿಯಾ’ದಲ್ಲಿ ಪವನ್ ಕುಮಾರ್ ಕನಸು ಕೊಡುವ ಮಾತ್ರೆಯ ಕಥೆ ಹೇಳಿದರು. 2023ರಲ್ಲಿ ಅನಂತನಾಗ್ ನಟಿಸಿದ ‘ಮಂಡಲ’ ಹಾರುವ ತಟ್ಟೆಯನ್ನು ಕರ್ನಾಟಕದ ಆಕಾಶಕ್ಕೆ ತಂದಿತು. 2024ರಲ್ಲಿ ಶ್ರೀನಿಧಿ ಬೆಂಗಳೂರು ನಿರ್ದೇಶನದ ‘ಬ್ಲಿಂಕ್’ ಸಣ್ಣ ಬಂಡವಾಳದಲ್ಲಿ ಕಾಲಪಯಣದ ಜಟಿಲ ಕಥೆ ಕಟ್ಟಿತು, ಅದೇ ವರ್ಷದ ಕೊನೆಗೆ ಉಪೇಂದ್ರರ ‘ಯುಐ’ ಬಂತು. ಬರೆಯುವ ಬುದ್ಧಿ, ನೋಡುವ ಕಣ್ಣು ಎರಡೂ ಇವೆಯೆಂಬುದಕ್ಕೆ ಇವು ಸಾಕ್ಷಿ. ಇವುಗಳ ಪುಸ್ತಕವಾಗಲಿ ಕಾಮಿಕ್ಸ್ ಆಗಲಿ ನನ್ನ ಕಣ್ಣಿಗೆ ಬಿದ್ದಿಲ್ಲ ಎನ್ನುವುದು ನನ್ನ ಕೊರಗು. ‘ಬ್ಲಿಂಕ್’ನ ಕಾಲದ ಗಂಟುಗಳನ್ನು ಬಿಡಿಸುವ ಕಾದಂಬರಿಯೊಂದು ಬಂದರೆ ಕಾಲೇಜು ಹುಡುಗರು ಮುಗಿಬಿದ್ದು ಓದುತ್ತಾರೆಂಬ ನಂಬಿಕೆ ನನ್ನದು.

ಕೂಡಿ ಕಟ್ಟುವ ದಾರಿ

‘ಲೂಸಿಯಾ’ ನಿರ್ಮಾಪಕರಿಗಾಗಿ ಕಾಯಲಿಲ್ಲ. ನೋಡುಗರೇ ಹಣ ಕೂಡಿಸಿ ಆ ಸಿನಿಮಾ ಮಾಡಿಸಿದರು. ಈ ರೀತಿ ಚಿಕ್ಕಪಡಸಲಗಿಗೆ ಚೆನ್ನಾಗಿ ಗೊತ್ತು. ‘ಇಂದ್ರಧನುಷ್’ ಪ್ರಸಾರವಾದ 1989ರಲ್ಲೇ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ಹಣಕ್ಕೆ ಕಾಯದೆ, ತಾವೇ ದುಡ್ಡು ಹಾಕಿ, ಬೆವರು ಸುರಿಸಿ, ಇಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಬಂತು. ಬೇಸಿಗೆಯಲ್ಲಿ ಬತ್ತುವ ಹೊಳೆಯಲ್ಲಿ ನೀರು ನಿಂತಿರುವ ದಿನವನ್ನು ಮೊದಲು ಮನಸ್ಸಿನಲ್ಲಿ ಕಂಡು, ಆಮೇಲೆ ಲೆಕ್ಕ ಹಾಕಿ, ಕೊನೆಗೆ ಕಲ್ಲಿಗೆ ಕಲ್ಲು ಸೇರಿಸಿದವರು ಅವರು. ಇನ್ನೂ ಇಲ್ಲದ ನಾಳೆಯನ್ನು ಕಲ್ಪಿಸಿ ಅದರ ತಾಂತ್ರಿಕ ದಾರಿ ಹುಡುಕುವುದೇ ವಿಜ್ಞಾನ ಕಥೆಯ ಕೆಲಸವೂ.

ಕನ್ನಡದ ಮೊದಲ ದೊಡ್ಡ ವಿಜ್ಞಾನ ಸರಣಿಗೆ ವಸ್ತುವನ್ನು ದೂರದ ನಕ್ಷತ್ರದಲ್ಲಿ ಹುಡುಕಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ಬಾಗಲಕೋಟೆಯ ನವನಗರಕ್ಕೆ ಬಂದವರ ಮೊಮ್ಮಕ್ಕಳು, 2019ರ ಪ್ರವಾಹ ಕಂಡ ಜಮಖಂಡಿ–ಮುಧೋಳದ ಹಳ್ಳಿಗಳು, ಯಂತ್ರದೊಡನೆ ಬದುಕು ಹೊಂದಿಸಿಕೊಂಡ ರಬಕವಿ–ಬನಹಟ್ಟಿಯ ನೇಕಾರರು: 2075ರಲ್ಲಿ ಇವರ ಕೃಷ್ಣೆ ಹೇಗಿದ್ದೀತು, ನೀರು ಹಂಚುವ ನಿರ್ಧಾರ ಯಂತ್ರದ ಕೈಗೆ ಹೋದರೆ ಏನಾದೀತು? ಇಂಥ ಸರಣಿಯ ಸಂಗಾತಿಗಳಿಂದಲೇ ಕೆಲಸ ಶುರುಮಾಡಬಹುದು. ದೊಡ್ಡ ಸೆಟ್ಟು ಬೇಡದ ಧ್ವನಿನಾಟಕ ಮೊದಲು ಬರಲಿ. 1950ರಿಂದ ನಮ್ಮ ಕಿವಿಗೆ ನಾಟಕ ಮುಟ್ಟಿಸಿದ ಧಾರವಾಡ ಆಕಾಶವಾಣಿಯ ಪರಂಪರೆ ಬೆನ್ನಿಗಿದೆ. ಜೊತೆಗೆ ಅಗ್ಗದ ಕಾಮಿಕ್ಸ್, ವಾರಪತ್ರಿಕೆಯಲ್ಲಿ ಕಾದಂಬರಿ. ಭೂಸನೂರಮಠರ ಕೃತಿಗಳ ಹೊಸ ಮುದ್ರಣಗಳು ಶಾಲೆಯ ಕಪಾಟಿಗೆ ಸೇರಲಿ. ಕಥೆಗೆ ಕೇಳುಗರೂ ಓದುಗರೂ ಸೇರಿದ ಮೇಲೆ ತೆರೆಗೆ ಬೇಕಾದ ಹಣವನ್ನು ಅವರೊಡನೆ ಕೂಡಿಸೋಣ. ಪರದೇಶದ ಅಭಿಮಾನಿಗಳು ಪತ್ರ ಬರೆದು ಸರಣಿಯೊಂದನ್ನು ಉಳಿಸಿಕೊಂಡರು. ನಾವು ಪಾಲು ಹಾಕಿ ಹೊಸದೊಂದನ್ನು ಕಟ್ಟಬಹುದು, ಕಟ್ಟಬೇಕು.